ಹನ್ನೆರಡೂವರೆ

ಸೋಮವಾರ ಷಟರ್ ಎತ್ತುವ ಮೊದಲೇ
ಬಾಗಿಲಲ್ಲಿ ನಾಲ್ಕು ಜನ, ಒಂದು ಚೆಂಡು.
ಟೈರು ಯಾರದೂ ಪಂಕ್ಚರಾಗಿರಲಿಲ್ಲ.

ಲೂಯಿಸ್ಟನ್ನಿಗೆ ಅವತ್ತು ಸೊನ್ನೆಗಿಂತ ಐದು ಕೆಳಗಿನ ಚಳಿ.
ಹೊಳೆ ಅರ್ಧ ಹೆಪ್ಪುಗಟ್ಟಿ
ಇನ್ನರ್ಧ ಮನಸ್ಸಿಲ್ಲದೆ ಹರಿಯುತ್ತಿತ್ತು.

"ರೊಸೇರ್, ಈ ಊರಲ್ಲಿ ಗಾಳಿಯ ಲೆಕ್ಕ ಬಲ್ಲವನು ನೀನೊಬ್ಬ,
ನೀನೇ ತೀರ್ಮಾನ ಹೇಳು," ಅಂದ ನಾರ್ಮನ್ ಊಲೆಟ್.
ನಮ್ಮ ತಂಡ ಗೆದ್ದ ರಾತ್ರಿಯ ಚೆಂಡುಗಳಲ್ಲಿ
ಗಾಳಿ ಕಮ್ಮಿ ಇತ್ತಂತೆ.
ಪುಸ್ತಕದ ಪ್ರಕಾರ ಹನ್ನೆರಡೂವರೆ ಪೌಂಡು,
ಅಳೆದವರಿಗೆ ಸಿಕ್ಕಿದ್ದು ಹನ್ನೊಂದು ಚಿಲ್ಲರೆ.
ಮೆತ್ತಗಿನ ಚೆಂಡು ಕೈಗೆ ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ,
ಅದಕ್ಕೇ ಯಾರೋ ಸೂಜಿ ಚುಚ್ಚಿದರು
ಎಂದು ದೇಶಕ್ಕೆ ದೇಶವೇ ಬೊಬ್ಬೆ.

ಬೀಗ ಮುರಿದವರನ್ನು ಕಂಡಿದ್ದೇನೆ, ಬ್ಯಾಟರಿ ಕದ್ದವರನ್ನೂ.
ಗಾಳಿ ಕದ್ದವರು ಅನ್ನಿಸಿಕೊಂಡದ್ದು
ನಮ್ಮ ಜನ್ಮಕ್ಕೆ ಇದೇ ಮೊದಲು.

ಒಡೆಲಿ ಬುಷಾರ್ ಶಾಲೆಯ ಬಸ್ಸು ಓಡಿಸುವವಳು.
ಸೆಪ್ಟೆಂಬರಿನಿಂದ ಆ ನೀಲಿ ಸ್ವೆಟರಿಗೆ ಸಾಬೂನು ತೋರಿಸಿಲ್ಲ,
ತೊಳೆದರೆ ಗೆಲುವೂ ತೊಳೆದುಹೋದೀತೆಂದು.
"ಬಫಲೋದಿಂದ ನನ್ನ ಭಾವ ದಿನಾ ಫೋನು ಮಾಡ್ತಾನೆ.
ಮಾತಿಲ್ಲ ಕತೆಯಿಲ್ಲ. 'ಠುಸ್ಸ್' ಅಂತಾನೆ, ಇಡ್ತಾನೆ."

ನಗದೆ ಇರಲು ನಾವೆಲ್ಲ ಕಷ್ಟಪಟ್ಟೆವು.

ನನ್ನ ಕೆಲಸದ ಹುಡುಗ ಮಹದ್, ಸೊಮಾಲಿಯಾದಿಂದ ಬಂದವರ ಮಗ,
"ಕಾಲು ತಾಗಿಸದ ಆಟಕ್ಕೆ ಫುಟ್‌ಬಾಲ್ ಅಂತ ಹೆಸರಿಟ್ಟಿದ್ದೀರಿ,
ಆ ಮೋಸಕ್ಕೆ ತನಿಖೆ ಯಾವಾಗ?" ಅಂದ.
ಆಮೇಲೆ ಅವನೇ ಚೆಂಡು ಕಸಿದುಕೊಂಡು
ಹೀಟರಿನ ಪಕ್ಕ ಸರಿಯಾಗಿ ಹನ್ನೆರಡೂವರೆ ತುಂಬಿ
ಹೊರಗೆ ಹಿಮದಲ್ಲಿ ಹೂತಿಟ್ಟು ಬಂದ.
"ಚಳಿಗೆ ಗಾಳಿಯೂ ಮುದುರುತ್ತೆ. ಒಂದು ಗಂಟೆ ಕಾಯಿರಿ."

ಕಾದೆವು. ಕಾಫಿ ಮುಗಿಯಿತು, ಒಂದು ಡಜನ್ ಡೋನಟ್ ಮುಗಿಯಿತು,
ನಿಜವಾದ ಗಿರಾಕಿಯೊಬ್ಬಳು ಬಂದು ಬೈದು ಹೋದಳು.

ಅಗೆದು ತೆಗೆದರೆ ನನ್ನ ಹಳೆಯ ಗೇಜು ಹತ್ತೂಕಾಲು ಅಂದಿತು,
ಹೊಸದು ಹತ್ತೂಮುಕ್ಕಾಲು.
"ಕಂಡಿರಾ! ಚಳಿಯೇ ಕಳ್ಳ!" ನಾರ್ಮನ್ ಕುಣಿದ.
"ಹಾಗಿದ್ದರೆ," ಒಡೆಲಿ ಬೆರಳು ಮಡಿಸಿದಳು,
"ಹತ್ತಕ್ಕೆ ಇಳಿಯಬೇಕಾದ್ದು ಹನ್ನೊಂದರಲ್ಲಿ ನಿಂತದ್ದು ಹೇಗೆ?
ನಮ್ಮವರು ಗಾಳಿ ತುಂಬಿದರಾ?"
ಆ ರಾತ್ರಿ ಇಷ್ಟು ಚಳಿಯಿರಲಿಲ್ಲ ಎಂದ ಮಹದ್.
ಯಾರ ಕಿವಿಗೂ ಬೀಳಲಿಲ್ಲ. ಜಗಳ ಆಗಲೇ ಗೇಜುಗಳಿಗೆ ಹತ್ತಿತ್ತು:
ನಮಗೆ ಬೇಕಾದ್ದನ್ನು ತೋರುವ ಮುಳ್ಳೇ ಸತ್ಯವಂತ ಮುಳ್ಳು.
ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಅಂದರೆ ಇದೇ.
ಒಂದು ಮಾತು ಹೇಳಬೇಕಿತ್ತು ನಾನು, ಹೇಳಲಿಲ್ಲ:
ಗೇಜು ಒತ್ತಿದಾಗೆಲ್ಲ ಸುಯ್ಯೆಂದು ತುಸು ಹೋಗುತ್ತದೆ,
ಅಳೆದಷ್ಟೂ ಕಳೆಯುತ್ತದೆ.

ನಾಲ್ಕನೆಯವನು ತಿಯೋಫಿಲ್.
ಬಂದಾಗಿನಿಂದ ತುಟಿ ಬಿಚ್ಚಿರಲಿಲ್ಲ.
ಮೂವತ್ತೆಂಟು ವರ್ಷ ಹತ್ತಿ ಗಿರಣಿಯಲ್ಲಿ ನೂಲಿನ ಮುಂದೆ ನಿಂತವನು
ಹೀಟರಿಗೆ ಬೆನ್ನು ಕೊಟ್ಟು ಕೂತಲ್ಲಿಂದಲೇ ಅಂದ:
"ಹೋದ ವಾರ ಆಸ್ಪತ್ರೆಯಲ್ಲಿ ಕೊಳವೆಗೆ ಊದಿಸಿದರು.
ಇರಬೇಕಾದ್ದರ ಅರ್ಧ ಇದೆ ಅಂದಳು ಹುಡುಗಿ.
ಬರೆದುಕೊಂಡಳು. ಅಷ್ಟೇ."
ಆಮೇಲೆ ಕೋಟಿನ ಗುಂಡಿ ತೋರಿಸಿ,
"ನಿನ್ನ ಗೇಜು ಇಲ್ಲಿ ಹಿಡಿಸುತ್ತಾ, ರೊಸೇರ್?"
ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಮುಗಿಯುವವರೆಗೆ
ಎಲ್ಲರೂ ಚೆಂಡನ್ನೇ ನೋಡುತ್ತಿದ್ದೆವು.

"ಭಾನುವಾರ ಫೈನಲ್ ನಮ್ಮ ಮನೆಯಲ್ಲಿ," ಅಂದಳು ಒಡೆಲಿ,
"ಬೀನ್ಸ್ ಬೇಯಿಸ್ತೀನಿ. ತಿಯೋ, ಮೂರು ಮಹಡಿ ಹತ್ತಬೇಕು,
ಅರ್ಧ ಗಂಟೆ ಮೊದಲೇ ಬಾ."

ಚೆಂಡು ಮರೆತು ಹೋದರು.
ಸಂಜೆ ಷಟರ್ ಎಳೆಯುವ ಮುಂಚೆ ಒತ್ತಿ ನೋಡಿದೆ:
ಯಾರೂ ತುಂಬದೆ, ತನ್ನಷ್ಟಕ್ಕೆ
ಹನ್ನೆರಡಕ್ಕೆ ಮರಳಿತ್ತು.
ಉಳಿದ ಅರ್ಧ ನಮ್ಮ ಅಳತೆಗೆ ಹೋಯಿತು.
ಇಡೀ ದಿನ ಅದು ಬಿದ್ದಿದ್ದು ಹೀಟರಿನ ಪಕ್ಕ.
ಬೆಳಗೆಲ್ಲ ತಿಯೋಫಿಲ್‌ನ ಬೆನ್ನು ತಾಗಿದ್ದೂ
ಅದೇ ಹೀಟರಿಗೆ.